ಎದೆಯ ಅಳತೆ

ಅರಸೀಕೆರೆ. ಕೊಬ್ಬರಿ ಮಂಡಿಯ ಹಿಂದೆ
ಆರಡಿ ಅಂಗಡಿ. ಜೂನ್ ತಿಂಗಳಿಡೀ
ಸ್ಕೂಲಿನ ನೀಲಿ ಚೌಕಳಿ ಹೊಲಿದು
ಕಣ್ಣು ಮುಚ್ಚಿದರೂ ಚೌಕಳಿ.

ಮೇಜಿನ ಕೆಳಗೆ ತುಂಡುಬಟ್ಟೆಯ ಮೂಟೆ:
ನೀಲಿ, ಕಡುಗೆಂಪು, ಹೋಮ್‌ಗಾರ್ಡಿನ ಖಾಕಿ,
ಮದುವೆ ಮುರಿದು ಯಾರೂ ಕೇಳಿ ಬಾರದ
ಜರಿಯ ಒಂದು ತೋಳು.
ಇವನ್ನೆಲ್ಲ ಕೂಡಿಸಿ ಒಂದು—
ಏನೆಂದು ಹೇಳಲಿ? ನಿಲುವಂಗಿಯಲ್ಲ, ಕೌದಿಯಲ್ಲ.
ಮೂರು ವರ್ಷದಿಂದ ಬೆರಳ ತುದಿಯಲ್ಲಿದೆ,
ಸೂಜಿಗೆ ಇಳಿದಿಲ್ಲ.

"ಕೆಟ್ಟರೆ ದರ್ಜಿಯ ಕೈ, ಒಪ್ಪಿದರೆ ತೊಟ್ಟವರ ಮೈ"
ಅನ್ನುತ್ತಿದ್ದರು ಕಲಿಸಿದ ಖಾಸಿಂ ಸಾಬರು.
ತೊಡುವವರೇ ಇಲ್ಲದ್ದು ಕೆಟ್ಟರೆ?
ಅದನ್ನವರು ಹೇಳಲಿಲ್ಲ.

ಇವತ್ತು ರಾತ್ರಿ, ಶಿವಮೊಗ್ಗದ ಗಾಡಿ ಹೋಗಿ
ಷಟರು ನಡುಗಿ ಸುಮ್ಮನಾದ ಮೇಲೆ
ಖಾಕಿಯ ಮೇಲೆ ಜರಿ ಇಟ್ಟೆ. ನಗು ಬಂತು.
ತೆಗೆದೆ. ಮತ್ತೆ ಇಟ್ಟೆ.
ಸೀಮೆಸುಣ್ಣ ಎಳೆದ ಗೆರೆ ಸೊಟ್ಟ;
ಕತ್ತರಿ ಆ ಸೊಟ್ಟವನ್ನೇ ಹಿಡಿದು ಹೊರಟಿತು,
ಹಿಂದೆ ನಾನು.
ಒಂದು ಮೊಳ ಹೋದಮೇಲೆ ಗೊತ್ತಾಯಿತು,
ಉಸಿರು ಬಿಟ್ಟಿರಲಿಲ್ಲ.

ಅಳತೆ ಪುಸ್ತಕದಲ್ಲಿ ಹೊಸ ಹಾಳೆ.
ಹೆಸರು: ಖಾಲಿ.
ಉದ್ದ: ನೋಡೋಣ.
ಎದೆ—
ಊರಿನವರ ಎದೆಯೆಲ್ಲ ಬಾಯಿಪಾಠ ನನಗೆ,
ಪುಟ್ಟೀರಮ್ಮನದು ಮೂವತ್ತೆಂಟು,
ಪೊಲೀಸ್ ಗಂಗಣ್ಣನದು ನಲವತ್ತೆರಡು.
ನನ್ನದಕ್ಕೆ ಟೇಪು ಸುತ್ತಿದ್ದೇ ಇಲ್ಲ.
ಆ ಜಾಗ ಬಿಟ್ಟು
ಕೊಡುವ ದಿನ: ಮಂಗಳವಾರ
ಎಂದು ಬರೆದೆ. ಯಾವ ಮಂಗಳವಾರವೋ.