ಗ್ಯಾಸ್ಕೆಟ್ಟು

ಕುಕ್ಕರಿಗೊಂದು ಗ್ಯಾಸ್ಕೆಟ್ಟು ತರಬೇಕಿತ್ತು, ಅಷ್ಟೇ.
ಊಟ ಮುಗಿಸಿ, ಎರಡೂವರೆಯ ಬಿಸಿಲಿಗೆ
ಹೊರಟೆವು ನಾನು, ಗುಲಾಬಿ ಅತ್ತೆ.
ಅಳತೆಗಿರಲೆಂದು ಹಳೆಯದನ್ನು
ಬಳೆಯ ಹಾಗೆ ಕೈಗೇರಿಸಿಕೊಂಡಿದ್ದರು,
ಹೆಜ್ಜೆಗೊಮ್ಮೆ ಅದು ಮೊಣಕೈಗೆ ಬಡಿಯುತ್ತಿತ್ತು.

ಈ ಹೊತ್ತು ಸಾಗರದ ಪೇಟೆಗೆ ಸಣ್ಣ ತೂಕಡಿಕೆ.
ಬಟ್ಟೆ ಅಂಗಡಿಯ ಹುಡುಗ ಥಾನುಗಳ ಮೇಲೆ ತಲೆಯಿಟ್ಟು
ನಿದ್ದೆಯಲ್ಲೇ ನೊಣ ಓಡಿಸುತ್ತಾನೆ.
ಗಂಧದ ಕೆತ್ತನೆಯವನ ಹೊಸ್ತಿಲಲ್ಲಿ
ಸೊಂಡಿಲಿಲ್ಲದ ಆನೆಯೊಂದು ಕಾಯುತ್ತಾ ಕೂತಿದೆ.
ಪಾತ್ರೆ ಅಂಗಡಿಯಲ್ಲಿ ಅತ್ತೆ
ಒಂದೊಂದೇ ಸ್ಟೀಲ್ ಡಬ್ಬಿಯನ್ನು ಬೆರಳಲ್ಲಿ ತಟ್ಟಿ
ಕಿವಿಯಿಟ್ಟು ಕೇಳುತ್ತಾರೆ, ಡಾಕ್ಟರ ಹಾಗೆ.
"ಕೊಡ್ಲಾ ಅಮ್ಮಾ?"
"ಬೇಡ ತಮ್ಮಾ, ಸುಮ್ನೆ ಮಾತಾಡಿಸ್ದೆ."
ಎಡಗಡೆ ಮೊಳೆಯಲ್ಲಿ ಗ್ಯಾಸ್ಕೆಟ್ಟುಗಳ ಗೊಂಚಲು
ಫ್ಯಾನಿನ ಗಾಳಿಗೆ ತೂಗುತ್ತಿತ್ತು.
ನಾನು ನೋಡಿದೆ. ಹೇಳಲಿಲ್ಲ.

ಮೀನು ಪೇಟೆಯ ಬಳಿ ಅವರ ನಡಿಗೆ ತಾನಾಗಿ ನಿಧಾನ.
ಬಶೀರಣ್ಣ ಬಂಗುಡೆಗೆ ನೀರು ಚಿಮುಕಿಸಿ
"ಬೆಳಿಗ್ಗೆ ಲೋಡು, ಹೊನ್ನಾವರದ್ದು" ಅಂದ.
ತವರಿನ ಹೆಸರು ಕೇಳಿ ಅತ್ತೆ ಬಗ್ಗಿ
ಕಿವಿರು ಎತ್ತಿ ನೋಡಿದರು:
"ಘಟ್ಟ ಹತ್ತುವಾಗ ಇದಕ್ಕೂ ಕಿವಿ ಕಟ್ಟಿದೆ ಮಾರಾಯಾ."
ನಾಲ್ಕು ತೆಗೆದುಕೊಂಡರು, ಐದನೆಯದನ್ನು ಬೈದು ಪಡೆದರು.

ಕೆರೆಯ ಮೆಟ್ಟಿಲಲ್ಲಿ ಖಾರ ಮಂಡಕ್ಕಿ.
ಕಥೆ ಹಳೆಯದೇ, ನನಗೂ ಬಾಯಿಪಾಠ:
"ಹುಡುಗ ಸಾಗರದವ ಅಂದ್ರು ಅಪ್ಪ.
ಓ, ಹಂಗಾರೆ ಅಲ್ಲೂ ದೋಣಿ ಇರ್ತದೆ ಅಂದ್ಕಂಡೆ.
ಲಾರಿ ಹತ್ತಿತು, ಹತ್ತಿತು, ಕಾಡು ಮುಗಿಯೋದೇ ಇಲ್ಲ.
ಇಳಿದವಳೇ ನಿನ್ನ ಮಾವನ್ನ ಕೇಳಿದೆ, ಎಲ್ಲಿ?
ಪಾಪ, ನಾಚಿಕೆಪಟ್ಟು ಈ ಕೆರೆ ತೋರಿಸಿದ್ರು."
ಹೋದ ಸಲ ಹೇಳುವಾಗ ಆಕೆಗೆ ಹದಿನಾರು,
ಇವತ್ತು ಹತ್ತೊಂಬತ್ತು.
ಲಾರಿಯೂ ಒಮ್ಮೊಮ್ಮೆ ಬಸ್ಸಾಗುವುದುಂಟು.

ಗಾಳಿ ಬಂತು. ನೀರಿಗೆ ನವಿರಾಗಿ ಮುಳ್ಳೆದ್ದಿತು.
ಮಂಡಕ್ಕಿಯ ಪೊಟ್ಟಣ ಬಿಚ್ಚಿ, ಕೊನೆಯ ಕಡಲೆಕಾಯಿ ಹುಡುಕಿ,
ಕಣ್ಣು ಕಿರಿದು ಮಾಡಿ ಅತ್ತೆ ಅಂದರು:
"ಒಳ್ಳೇ ನೀರೇ. ಆದ್ರೆ ಆ ಕಡೆ ದಡ ಕಾಣ್ತದೆ,
ಅದೊಂದೇ ಇದರ ಕೆಟ್ಟ ಚಾಳಿ."
ನಾನು ನಕ್ಕೆ. ಅವರು ನಗಲಿಲ್ಲ.
ಆಚೆ ದಡದಲ್ಲಿ ಯಾರೋ ಸ್ಕೂಟರು ತೊಳೆಯುತ್ತಿದ್ದರು.
ಬಹಳ ಹೊತ್ತು ಅದನ್ನೇ ನೋಡಿದೆವು.

ಆಟೋದವನು ಐವತ್ತು ಅಂದ, ಅತ್ತೆ ಮೂವತ್ತು,
ಮೀನಿನ ವಾಸನೆಗೆ ಅವನು ನಲವತ್ತಕ್ಕೇ ಸೋತ.
ಮನೆ ಬಾಗಿಲಲ್ಲಿ ಕೀಲಿ ತೆಗೆಯುವಾಗ
ಅತ್ತೆಯ ಕೈಯಿಂದ ಜಾರಿ ಬಿತ್ತು
ಬಿರುಕುಬಿಟ್ಟ ಕಪ್ಪು ಬಳೆ.
"ಅಯ್ಯೋ," ಅಂದೆ, ಆದಷ್ಟು ಗಾಬರಿಯಾಗಿ, "ಮರೆತೇ ಬಿಟ್ಟೆವಲ್ಲ!"
ಅವರು ಚಪ್ಪಲಿ ಬಿಡುತ್ತಾ, ಮೀನಿನ ಚೀಲ ನನಗೆ ದಾಟಿಸುತ್ತಾ ಅಂದರು:
"ಆ ಪಾತ್ರೆ ಅಂಗಡೀಲಿ, ಎಡಗಡೆ ಮೊಳೆಗೆ ತೂಗ್ತಾ ಇತ್ತು.
ನಾಳೆ ಹೋದ್ರಾಯ್ತು."