ಇಂಡಿಯಾ ಇಂಕು

ಒಂದು ತೊಟ್ಟು ನೀರು, ಒಂದು ತೊಟ್ಟು ಕಪ್ಪು.
ಜೊಂಬಾದ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ
ಇಷ್ಟೇ ನನ್ನ ರಾತ್ರಿಪಾಳಿ.
ಸೀಸೆಯ ಮೇಲೆ ಇಂಡಿಯಾ ಇಂಕು ಎಂದಿದೆ.
ಆ ದೇಶ ನಾನು ಕಂಡಿಲ್ಲ.
ಅಲ್ಲಿಯವರಿಗೂ ಗೊತ್ತಿರಲಿಕ್ಕಿಲ್ಲ,
ಅವರ ಹೆಸರಿನ ಮಸಿ ಮಲಾವಿಯಲ್ಲಿ
ಅಕ್ಷರ ಬರೆಯುವುದಿಲ್ಲವೆಂದು.

ನೀರು ವೈಸನ್‌ನ ಬೆನ್ನಿನದು.
ಚಿಲ್ವಾ ಸರೋವರದ ಮೀನುಗಾರ. ಮೂರು ವಾರದ ತಲೆನೋವು,
ಬೆಳಕು ಕಂಡರೆ ಅಂಗಿಯನ್ನು ಮುಖಕ್ಕೆಳೆದುಕೊಳ್ಳುತ್ತಾನೆ.
ಸೂಜಿ ಇಳಿಸಿದಾಗ ನೀರು
ನಳಿಕೆಯ ಕೊನೆಯ ಗೆರೆಯನ್ನೂ ದಾಟಿ ಉಕ್ಕಿತಂತೆ.
ನನ್ನ ಕೈಗೆ ಬಂದಾಗ ತಿಳಿ,
ಸುಳ್ಳು ಹೇಳುವ ಮಗುವಿನ ಕಣ್ಣಿನಷ್ಟು ತಿಳಿ.

ಮಸಿ ಹರಡಿತು. ಕಣ್ಣಿಟ್ಟೆ.
ಅಮಾವಾಸ್ಯೆಯ ಆಕಾಶದ ತುಂಬ
ಎಣಿಸಲಾರದಷ್ಟು ಚಂದ್ರರು!
ಒಂದೊಂದರ ಸುತ್ತಲೂ ಬೆಳ್ಳನೆಯ ಬಳೆ.
ಬೆಳಕಲ್ಲ ಅದು, ಲೋಳೆ.
ಅದನ್ನು ಹೊದ್ದು ಕೂತಿದೆ ಬೂಷ್ಟು
ಮಸಿಯೂ ಮುಟ್ಟಲಾರದ ದೂರದಲ್ಲಿ.
ಕೆಲವಕ್ಕೆ ಪಕ್ಕೆಯಲ್ಲಿ ಮೊಗ್ಗು,
ತಾಯಿಗಂಟಿದ ಕೂಸಿನ ಹಾಗೆ.
ಚಂದ ಅನಿಸಿತು. ನಾಚಿಕೆಯಾಯಿತು.

ಆಮೇಲೆ ಹುಡುಕಿದ್ದು ಇವನ್ನು ಹಿಡಿಯಬೇಕಾದವರನ್ನು.
ಬಣ್ಣ ಹಾಕಿದ ಇನ್ನೊಂದು ಗಾಜನ್ನು
ಮೂಲೆಯಿಂದ ಮೂಲೆಗೆ ಸರಿಸಿದೆ:
ಒಂದು ಬಿಳಿಕೋಶ.
ಬಹಳ ದೂರದಲ್ಲಿ ಇನ್ನೊಂದು.
ಇಷ್ಟು ದೊಡ್ಡ ದರೋಡೆಗೆ ಇಬ್ಬರೇ.
ಎರಡನೆಯದು ಒಂದು ಚಂದ್ರನನ್ನು ನುಂಗಿದೆ, ಪಾಪ,
ನುಂಗುವುದು ಅದರ ಹುಟ್ಟುಗುಣ.
ಅರಗಿಸು ಎಂದು ಹೇಳುವವರಿಲ್ಲ.
ಬಾಯೊಳಗೆ ಬಿಸಿ ತುಪ್ಪ.
ನುಂಗಿದ್ದು ಹೊಟ್ಟೆಯಲ್ಲೇ ಮೊಗ್ಗೊಡೆದು
ಎರಡಾಗಿ, ನಾಲ್ಕಾಗಿ ಬೆಳೆಯುತ್ತದೆ.
ಒಮ್ಮೊಮ್ಮೆ ಉಗುಳಿಯೇ ಬಿಡುತ್ತದಂತೆ:
ಉಗುಳಿದ್ದೂ ಬದುಕಿರುತ್ತದೆ, ಉಗುಳಿದವನೂ ಬದುಕಿರುತ್ತಾನೆ,
ಇಬ್ಬರೂ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ.
ಬ್ಲಾಂಟೈರಿನ ಕಾಲೇಜಿನಲ್ಲಿ ಇದನ್ನು ಕೇಳಿದ ದಿನ
ನಾವೆಲ್ಲ ಮೇಜು ಬಡಿದು ನಕ್ಕಿದ್ದೆವು.

ಹೇಳಬೇಕಾದವನು ಸಹಾಯಕ ಕೋಶ.
ಅವನು ಈ ಬೂಷ್ಟಿನ ಮೇಲೆ ಕೈ ಮಾಡುವವನಲ್ಲ.
ಹತ್ತಿರ ಬಂದು, ಮೈಗೆ ಮೈ ತಾಗಿಸಿ
ಒಂದು ಮಾತು ಆಡುತ್ತಾನೆ, ಅಷ್ಟೆ.
ಆ ಮಾತಿಗೆ ನುಂಗಿದವನ ಹೊಟ್ಟೆಯಲ್ಲಿ
ಕಿಚ್ಚು ಹೊತ್ತಿಕೊಳ್ಳುತ್ತದೆ.
ನೂರಾರು ಇರಬೇಕಾದ ಜಾಗದಲ್ಲಿ
ವೈಸನ್‌ನ ಚೀಟಿ ಹೇಳುತ್ತದೆ: ಹತ್ತೊಂಬತ್ತು.
ಉಳಿದವರನ್ನು ಇನ್ನೊಂದು ರೋಗ ವರ್ಷಗಟ್ಟಲೆ
ಸದ್ದಿಲ್ಲದೆ ಒಯ್ದಿದೆ,
ಊರಿನ ಡಂಗುರದವರನ್ನೆಲ್ಲ ಒಬ್ಬೊಬ್ಬರಾಗಿ.
ಕಿವಿ ಇದೆ. ಬಾಯಿ ಇದೆ. ಹಸಿವೂ ಇದೆ.
ಕರೆ ಇಲ್ಲ.

ಕಿಟಕಿಯಾಚೆ ತಗಡಿನ ಮೇಲೆ ಪಾರಿವಾಳ ಮಗ್ಗುಲಾದವು.
ಅವುಗಳ ಹಿಕ್ಕೆಯ ಧೂಳು ಗುಡಿಸುತ್ತಲೇ ಬೆಳೆದವಳು ನಾನು,
ನನ್ನ ಎದೆಯಲ್ಲೂ ಒಂದು ಕೂತಿರಬಹುದು.
ಅದರ ಸುತ್ತ ಅವರೂ ಇರಬಹುದು,
ತೋಳಿಗೆ ತೋಳು ಹೆಣೆದು, ಕೊನೆಗೆ ತೋಳು ಯಾರದೆಂಬುದೂ ಮರೆತು
ಒಬ್ಬರೊಳಗೊಬ್ಬರು ಕರಗಿ ಗೋಡೆಯಾದವರು.
ನಾನು ನ್ಸಿಮಾ ತಿರುವುವಾಗ, ಮಿನಿಬಸ್ಸಿಗೆ ಓಡುವಾಗ,
ಪ್ರಾರ್ಥನೆಯ ನಡುವೆ ತೂಕಡಿಸುವಾಗಲೂ
ಎದ್ದುಹೋಗದವರು.
ಒಮ್ಮೆಯೂ ವಿಚಾರಿಸಿಲ್ಲ ಅವರನ್ನು.

ಬಾಗಿಲ ಬಳಿ ಫಾಲೆಸಿ, ಅವನ ಅಕ್ಕ, ಚಿತೆಂಜೆಯ ತುದಿ ಹಿಂಡುತ್ತ.
ಕಂಡಿತಾ?
ಕಂಡಿತು ಅಂದೆ. ಔಷಧ ಇದೆ, ಈಗಲೇ ಹಾಕುತ್ತಾರೆ.
ಔಷಧ ಕೊಲ್ಲಬಲ್ಲದು, ಕರೆಯಲಾರದು,
ಕರೆಯುವವರು ಮತ್ತೆ ಹುಟ್ಟಿಬರಬೇಕು,
ಅದೂ ನಿಧಾನವಾಗಿ, ಒಂದು ತಿಂಗಳು ತಡೆದು.
ಒಮ್ಮೆಲೇ ನುಗ್ಗಿದರೆ
ಕಳ್ಳನೊಂದಿಗೆ ಮನೆಯನ್ನೂ ಸುಡುತ್ತಾರೆ.
ಇದನ್ನೆಲ್ಲ ಹೇಳಲಿಲ್ಲ.
ಅವಳೂ ಕೇಳಲಿಲ್ಲ. ವಾರ್ಡಿಗೆ ಹೋದಳು.

ನಾನು ಗಾಜನ್ನು ಬ್ಲೀಚಿನಲ್ಲಿ ಮುಳುಗಿಸುತ್ತಿದ್ದೆ.
ಓಣಿಯಾಚೆಯಿಂದ ಕೇಳಿಸಿತು,
ದಡದಲ್ಲಿ ನಿಂತು ದೋಣಿಯನ್ನು ಕರೆಯುವ ದನಿಯನ್ನು
ಕಿವಿಯಷ್ಟಕ್ಕೆ ಇಳಿಸಿ
ವೈಸನ್, ವೈಸನ್ ಎಂದು ಅವಳು.

ಮೂರನೆಯ ಸಲಕ್ಕೆ ಅವನು ಏನೋ ಅಂದ.