ಒಂಟಿ ಬೂಟು

ಚಿಲೋಯೆ ದ್ವೀಪದಲ್ಲಿ, ಕಡಲೊಳಗೆ ಕಾಲೂರಿ ನಿಂತ ಮನೆ.
ದಿನಕ್ಕೆರಡು ಸಲ ನೀರು ಹಿಂದೆ ಸರಿದು
ನೆಲಹಲಗೆಯ ಕೆಳಗಿನ ಕೆಸರು ತೋರಿಸುತ್ತದೆ:
ಹಿಡಿ ಮುರಿದ ಜಗ್ಗು, ಯಾರದೋ ಬಾಚಣಿಗೆ, ಚಿಪ್ಪಿನ ರಾಶಿ.
ಮತ್ತೆ ಬಂದು ಮುಚ್ಚುತ್ತದೆ.

ಮಂಗಳವಾರ ಮಂಗಳವಾರ ಹೋಗುತ್ತೇನೆ,
ಎದುವಿನಾ ಅತ್ತೆಯ ಕಾದಂಬರಿ ಟೈಪು ಮಾಡಲು.
ಚಹಾ ಕೊಟ್ಟಳು. ಸಕ್ಕರೆ ಇಲ್ಲ, ಎಂದಿನಂತೆ.

"ಅತ್ತೆ, ಮೊದಲ ಪುಟದಲ್ಲೇ ಮೆಟ್ಟಿಲ ಮೇಲೆ ಒಂಟಿ ಬೂಟು!
ಒನೊಫ್ರೆ ಒಂಬತ್ತನೇ ಅಧ್ಯಾಯದಲ್ಲಿ ಮುಳುಗುತ್ತಾನೆಂದು
ಈಗಲೇ ಡಂಗುರ ಸಾರಿದ ಹಾಗಿದೆ.
ಓದುವವರಿಗೂ ಮೂಗಿದೆ."

ಪೆನ್ಸಿಲು ಕಿವಿಗೆ ಸಿಕ್ಕಿಸಿ ಯೋಚಿಸಿದಳು.
"ಹಾಗಾದರೆ ಆಲೂಗಡ್ಡೆ ಸುರಿ.
ಮೂಟೆ, ಬುಟ್ಟಿ, ಒದ್ದೆ ಕೊಡೆ, ಪಕ್ಕದ ಮನೆಯ ನಾಯಿ,
ನಡುವೆ ಎಲ್ಲೋ ಬೂಟೂ ಬಿದ್ದಿರಲಿ.
ಎಡವಬೇಕು ಅವರು. ಆದರೆ ದಾಟಿ ಹೋದ ಮೇಲೆ."

ಐದನೆಯದರಲ್ಲಿ ಹಿಂದಕ್ಕೆ ಹೋಗಿದ್ದಾಳೆ:
ಒನೊಫ್ರೆಯ ಮದುವೆ, ಅಕಾರ್ಡಿಯನ್, ಸುಟ್ಟ ಕುರಿಮಾಂಸ,
ವಧುವಿನ ಕಾಲಿಗೆ ಕಚ್ಚುವ ಎರವಲು ಚಪ್ಪಲಿ.
ಹನ್ನೊಂದು ಪುಟವಾದರೂ ವಾಪಸು ಬರುವ ಮಾತಿಲ್ಲ.
"ಒಲೆಯ ಮೇಲೆ ಹಾಲಿಟ್ಟು ಹೋಗಿದ್ದೀಯ," ಎಂದೆ,
"ಉಕ್ಕುವ ಹೊತ್ತಿಗಾದರೂ ಅಡುಗೆಮನೆಗೆ ಬಾ."
"ಉಕ್ಕಲಿ ಬಿಡು.
ಆ ಚಪ್ಪಲಿ ಬಿಚ್ಚಲು ನನಗಿನ್ನೂ ಮನಸ್ಸಿಲ್ಲ."

ಆಗ, ಕೇಳಬಾರದ್ದನ್ನು ಕೇಳಿಬಿಟ್ಟೆ:
"ಮಾವ ಚಿಪ್ಪು ತೆಗೆಯಲು ಹೋದ ಆ ಬೆಳಗ್ಗೆ
ಏನಾದರೂ ಇತ್ತೇ? ಸುಳಿವು, ಸೂಚನೆ?"

ಹಲಗೆಯ ಕೆಳಗೆ ನೀರು ಏರುವ ಸದ್ದು.

"ನಲವತ್ತು ವರ್ಷ ಜಾಲಾಡಿದ್ದೇನೆ ಆ ಬೆಳಗನ್ನು.
ಒಂದು ಹಕ್ಕಿ ಅಡ್ಡ ಹಾರಲಿಲ್ಲ,
ಕೈಯಿಂದ ಒಂದು ತಟ್ಟೆ ಜಾರಲಿಲ್ಲ.
ರೊಟ್ಟಿ ತಿಂದ. ಬೂಟು ಎರಡೂ ಹಾಕಿಕೊಂಡ.
ಸಕ್ಕರೆ ಮುಗಿದಿದೆ, ತರಿಸಿಡು ಅಂದ.
ಬಾಗಿಲು ಎಳೆದುಕೊಂಡ.
ಅದನ್ನು ಬರೆದವನು ಸೋಮಾರಿ ಕಣೇ,
ಕೊನೆಯೊಂದನ್ನೇ ಬರೆದ.
ನಾನಾದರೂ ಇಡಬೇಡವೇ, ಒಂದು ಬೂಟು?"

ಟೈಪು ಮಾಡಿದೆ: ಮೂಟೆ, ಬುಟ್ಟಿ, ಕೊಡೆ.
ಬೂಟನ್ನು ನಾಯಿಯ ಬಾಯಿಗೆ ಕೊಟ್ಟೆ.
ಅತ್ತೆ ಓದಿ, ಮೂಗಿನಲ್ಲೇ ನಕ್ಕು,
ನಾಯಿಯ ಬಾಲವನ್ನು ಮಾತ್ರ ಹೊಡೆದುಹಾಕಿದಳು.

ಹೊರಡುವಾಗ ಬಾಗಿಲಲ್ಲಿ ನಿಂತು,
ಬರುವ ವಾರ ತರಲೇನು, ಒಂದು ಕಿಲೋ... ಎಂದು ಶುರುಮಾಡಿ
ನಾಲಿಗೆ ಕಚ್ಚಿಕೊಂಡೆ.

ಪೆನ್ಸಿಲು, ಎಂದೆ.